ಗದ್ದುಗೆಯ ಹೊಣೆ

(ಶ್ರಾವಣ ಮಾಸದ ಕಡೆಯ ಸೋಮವಾರ ಶ್ರೀಮಠದ ಅನುಭಾವಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ಶ್ರಾವಣದುದ್ದಕ್ಕೂ ಗುರು, ಲಿಂಗ, ಜಂಗಮ ಎಂಬ ಮೂರರ ವಿಚಾರವನ್ನು ಒಂದೊಂದಾಗಿ ನೋಡುತ್ತ ಬಂದೆವು. ಗುರುವಿನ ಮಾತಾಯಿತು, ಲಿಂಗದ ಮಾತಾಯಿತು. ಇಂದು ಜಂಗಮದ ಮಾತು. ಜಂಗಮದ ಮಾತು ಬಂದಕೂಡಲೆ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋಗಿ ಅಲ್ಲಿಯೇ ಕುಳಿತುಬಿಡುವುದು ಸುಲಭ. ಆದರೆ ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಈಗ ಭಕ್ತರ ಬಾಯಲ್ಲಿ ಓಡಾಡುವ ಒಂದು ಪ್ರಶ್ನೆಯುಂಟು. ಅದನ್ನು ಕಟ್ಟೆಯ ಮೇಲೆ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ, ನಮ್ಮೆದುರಿಗೆ ಕೇಳಲು ಮಾತ್ರ ಸಂಕೋಚಪಡುತ್ತಾರೆ. ಒಬ್ಬ ಸ್ವಾಮಿಗಳು ಎರಡು ಮಠಗಳ ಅಧಿಕಾರವನ್ನು ಹೊರಬಹುದೇ ಎಂಬುದೇ ಆ ಪ್ರಶ್ನೆ. ಕೇಳಲು ನಿಮಗೆ ಸಂಕೋಚವಿದ್ದರೂ ಹೇಳಲು ನಮಗೆ ಇರಬಾರದು. ಆದುದರಿಂದ ಇಂದು ಅದನ್ನೇ ಎತ್ತಿಕೊಳ್ಳುತ್ತೇವೆ.

ಮೊದಲು ಒಂದು ಮಾತು. ಇದು ಹೊಸ ಸಂಗತಿಯಲ್ಲ. ಇದ್ದಲ್ಲೆಲ್ಲ ಕೆಟ್ಟದ್ದೆಂದೂ ನಾವು ಹೇಳುವುದಿಲ್ಲ. ನಮ್ಮ ಮಠಗಳ ಹೆಸರುಗಳನ್ನೇ ನೋಡಿರಿ. ಗದಗ-ಡಂಬಳ-ಎಡೆಯೂರು ತೋಂಟದಾರ್ಯ ಸಂಸ್ಥಾನ ಮಠ ಎನ್ನುತ್ತೇವೆ. ಮೂರು ಊರುಗಳು ಒಂದೇ ಪೀಠದ ಹೆಸರಿನಲ್ಲಿ ಕೂಡಿಕೊಂಡಿವೆ. ಎಡೆಯೂರು ಇರುವುದು ಎಲ್ಲಿ? ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ. ಹುಬ್ಬಳ್ಳಿಯ ಮೂರುಸಾವಿರ ಮಠಕ್ಕೆ ಅನೇಕ ಶಾಖೆಗಳುಂಟು. ದೊಡ್ಡ ಮಠದ ನೆರಳಿನಲ್ಲಿ ಸಣ್ಣ ಮಠಗಳು ಬೆಳೆಯುವುದು, ಶಾಖೆಗೆ ಒಬ್ಬ ಚರಮೂರ್ತಿ ಬಂದು ನಿಲ್ಲುವುದು, ಅವರು ಮೂಲಪೀಠಕ್ಕೆ ನಡೆದುಕೊಳ್ಳುವುದು, ಇದು ನಮ್ಮ ಪರಂಪರೆಯ ರೀತಿ. ಶಾಖೆಯಲ್ಲಿ ಒಬ್ಬರಿರುವವರೆಗೆ ಅಲ್ಲಿ ತೊಂದರೆಯಿಲ್ಲ. ಶಾಖೆ ಬರಿದಾಗಿ, ಬೀಗ ಬಿದ್ದು, ವರ್ಷಕ್ಕೊಮ್ಮೆ ಜಾತ್ರೆಗೆ ಮಾತ್ರ ಸ್ವಾಮಿಗಳ ಗಾಡಿ ಬಂದು ಹೋಗುವಂತಾದಾಗ ತೊಂದರೆ ಮೊದಲಾಗುತ್ತದೆ.

ಬರಿದಾದದ್ದು ಏಕೆ? ಕಾರಣಗಳನ್ನು ಮುಚ್ಚಿಡದೆ ನೋಡೋಣ. ಹಿಂದೆ ಮಠಕ್ಕೆ ಹೊಲವಿತ್ತು; ಹೊಲದ ಗೇಣಿಯಿಂದ ದಾಸೋಹ ನಡೆಯುತ್ತಿತ್ತು. 1974ರ ಭೂ ಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಭೂಮಿ ಉಳುವವನ ಪಾಲಾಯಿತು. ಇದನ್ನು ನಾವು ದೂರಿನ ಮಾತಾಗಿ ಹೇಳುತ್ತಿಲ್ಲ. ಬೆವರು ಸುರಿಸಿದವನಿಗೆ ನೆಲ ಸಿಕ್ಕಿತು. ಕಾಯಕವನ್ನು ಬೋಧಿಸಿದ ಧರ್ಮವು ಅದಕ್ಕೆ ಅಳಬಾರದು. ಆದರೆ ಆ ಹೊಲದ ಜೋಳವನ್ನೇ ನಂಬಿದ್ದ ಸಣ್ಣ ಮಠಕ್ಕೆ ಒಬ್ಬ ಸ್ವಾಮಿಗಳನ್ನು, ನಾಲ್ಕು ಮಂದಿ ವಟುಗಳನ್ನು ಸಾಕುವ ಶಕ್ತಿ ಉಳಿಯಲಿಲ್ಲ ಎಂಬುದೂ ನಿಜ. ಇನ್ನು ಎರಡನೆಯ ಕಾರಣ. ಮನೆಯಲ್ಲಿ ಐದಾರು ಮಕ್ಕಳಿದ್ದ ಕಾಲದಲ್ಲಿ ತಂದೆತಾಯಿ ಒಬ್ಬ ಮಗನನ್ನು ಮಠಕ್ಕೆ ಒಪ್ಪಿಸುತ್ತಿದ್ದರು. ಇಂದು ಮನೆಗೆ ಒಬ್ಬನೇ ಮಗ. ಅವನನ್ನು ಕೊಡಿರೆಂದು ಯಾವ ಬಾಯಿಂದ ಕೇಳುವುದು? ಮೂರನೆಯದು, ಮುಪ್ಪಿನವರೆಗೂ ಉತ್ತರಾಧಿಕಾರಿಯನ್ನು ನೇಮಿಸದೆ ಹಿರಿಯ ಸ್ವಾಮಿಗಳು ಲಿಂಗೈಕ್ಯರಾಗುವುದು, ಆಮೇಲೆ ಊರು ಎರಡು ಗುಂಪಾಗಿ ಕೋರ್ಟಿನ ಮೆಟ್ಟಿಲು ಹತ್ತುವುದು.

ಈ ಮೂರನೆಯ ಕಾರಣದ ಪರಿಣಾಮ ಏನೆಂಬುದನ್ನು ಕಿತ್ತೂರಿನವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಶಿವಲಿಂಗರುದ್ರ ಸರ್ಜನಿಗೆ ಮಕ್ಕಳಿರಲಿಲ್ಲ. 1824ರಲ್ಲಿ, ಜಡ್ಡು ಬಲಿತು ದೇಹ ಸೋತ ಕಾಲಕ್ಕೆ, ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡನು. ಧಾರವಾಡದಲ್ಲಿ ಕುಳಿತಿದ್ದ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಮುಂದಿನದು ನಿಮಗೆಲ್ಲ ಗೊತ್ತು. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಬಿದ್ದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ದೇಹವಿಟ್ಟಳು. ಅವಳ ಸಮಾಧಿ ನಮ್ಮ ಕಣ್ಣೆದುರಿಗಿದೆ. ಬ್ರಿಟಿಷರಿಗೆ ಸಂಸ್ಥಾನ ನುಂಗುವ ಆಸೆಯಿತ್ತು. ಅವರಿಗೆ ನೆವ ಬೇಕಿತ್ತು. ಬರಿದಾದ ಗಾದಿ ಅವರಿಗೆ ಆ ನೆವವಾಯಿತು. ಗಾದಿ ಬರಿದಾದ ಕಡೆಗೆ ಹೊರಗಿನ ಕೈ ಚಾಚಿಕೊಂಡು ಬರುತ್ತದೆ. ಸಂಸ್ಥಾನಕ್ಕೂ ಇದೇ ಮಾತು, ಮಠಕ್ಕೂ ಇದೇ ಮಾತು.

ಹಾಗಾದರೆ ಬರಿದಾದ ಮಠವನ್ನು ಪಕ್ಕದ ಸ್ವಾಮಿಗಳು ವಹಿಸಿಕೊಂಡರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವಿರಿ. ಜಂಗಮ ಎಂದರೆ ಚಲಿಸುವವನು. ಅವನು ಒಂದೇ ಊರಿಗೆ ಗೂಟ ಹೊಡೆದುಕೊಂಡು ಇರಬೇಕೇಕೆ ಎಂದೂ ಬಲ್ಲವರು ವಾದಿಸುತ್ತಾರೆ. ವಾದ ಚೆನ್ನಾಗಿದೆ. ಆದರೆ ಅದರಲ್ಲಿ ಎರಡು ಬೇರೆ ಮಾತುಗಳು ಬೆರೆತುಹೋಗಿವೆ. ಚರಜಂಗಮನಿಗೆ ಊರಿಲ್ಲ, ಭಂಡಾರವಿಲ್ಲ, ಬೀಗದ ಕೈಯಿಲ್ಲ. ಅವನು ನೂರು ಊರು ತಿರುಗಲಿ, ಯಾರಿಗೂ ಕೊರತೆಯಾಗದು. ಪಟ್ಟ ಕಟ್ಟಿಸಿಕೊಂಡವನು ಹಾಗಲ್ಲ. ಅವನು ಒಂದು ಊರಿಗೆ ಮಾತು ಕೊಟ್ಟವನು. ನಿಮ್ಮ ಮನೆಯಲ್ಲಿ ಕೂಸು ಹುಟ್ಟಿದರೆ ಲಿಂಗಧಾರಣೆಗೆ ಬರುತ್ತೇನೆ, ನಿಮ್ಮ ಹಿರಿಯರು ಲಿಂಗೈಕ್ಯರಾದರೆ ಕಡೆಯ ಪಾದ ಇಡುತ್ತೇನೆ, ನಿಮ್ಮ ಅಣ್ಣತಮ್ಮಂದಿರು ಬದುವಿಗಾಗಿ ಬಡಿದಾಡಿದರೆ ನಡುವೆ ನಿಲ್ಲುತ್ತೇನೆ, ಹಸಿದು ಬಂದವನಿಗೆ ನನ್ನ ಮಠದಲ್ಲಿ ಒಲೆ ಆರಿರುವುದಿಲ್ಲ ಎಂಬುದೇ ಆ ಮಾತು. ಚರನ ಸ್ವಾತಂತ್ರ್ಯವನ್ನೂ ಪಟ್ಟದ ಕಾಣಿಕೆಯನ್ನೂ ಒಟ್ಟಿಗೆ ಬೇಡುವುದು ನ್ಯಾಯವಲ್ಲ. ಎರಡೂರ ನೆಂಟ ಉಣ್ಣದೆ ಕೆಟ್ಟ ಎಂಬ ಗಾದೆಯುಂಟು. ಮಠದ ವಿಷಯದಲ್ಲಿ ಅದು ತಿರುಗುಮುರುಗಾಗುತ್ತದೆ. ನೆಂಟನಿಗೆ ಎರಡೂ ಕಡೆ ಊಟವಾಗುತ್ತದೆ, ಊರೆರಡೂ ಉಪವಾಸ ಇರುತ್ತವೆ.

ಕಲ್ಯಾಣದ ಕಡೆಗೆ ಒಮ್ಮೆ ನೋಡೋಣ. ಬಸವಣ್ಣನವರ ಕೈಯಲ್ಲಿ ಬಿಜ್ಜಳನ ಭಂಡಾರವಿತ್ತು. ಮಹಾಮನೆ ಅವರದು, ದಾಸೋಹ ಅವರದು. ಆದರೂ ಶೂನ್ಯಸಿಂಹಾಸನದ ಮೇಲೆ ಅವರು ತಾವು ಕುಳಿತುಕೊಳ್ಳಲಿಲ್ಲ. ಎಲ್ಲಿಂದಲೋ ನಡೆದುಬಂದ ಅಲ್ಲಮಪ್ರಭುವನ್ನು ಅಲ್ಲಿ ಕೂಡಿಸಿದರು. ಅಲ್ಲಮರಾದರೂ ಅದಕ್ಕೆ ಅಂಟಿಕೊಂಡರೇ? ಅವರ ತರುವಾಯ ಚೆನ್ನಬಸವಣ್ಣ, ಅವನ ತರುವಾಯ ಸೊನ್ನಲಿಗೆಯ ಸಿದ್ಧರಾಮ ಆ ಪೀಠಕ್ಕೆ ಬಂದರೆಂದು ಪರಂಪರೆ ಹೇಳುತ್ತದೆ. ಕೊಡಬಲ್ಲವನು ಕೊಟ್ಟನು, ಬಿಡಬಲ್ಲವನು ಬಿಟ್ಟನು. ಆದುದರಿಂದ ಆ ಪೀಠಕ್ಕೆ ಇಂದಿಗೂ ನಾವು ತಲೆಬಾಗುತ್ತೇವೆ. ಮುಂದೆ ಎಡೆಯೂರಿನ ತೋಂಟದ ಸಿದ್ಧಲಿಂಗಯತಿಗಳು ಏಳುನೂರಾ ಒಂದು ಮಂದಿ ವಿರಕ್ತರನ್ನು ಕೂಡಿಕೊಂಡು ನಾಡು ಸಂಚರಿಸಿದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಸಂಖ್ಯೆಯ ಅರ್ಥವನ್ನು ಮನಸ್ಸಿಗೆ ತಂದುಕೊಳ್ಳಿರಿ. ಏಳುನೂರು ಊರುಗಳನ್ನು ತಾವೊಬ್ಬರೇ ಹಿಡಿಯಬೇಕೆಂದು ಅವರು ಬಯಸಲಿಲ್ಲ. ಏಳುನೂರು ಮಂದಿಯನ್ನು ತಯಾರು ಮಾಡಿದರು.

ಈ ರೋಗ ನಮ್ಮಲ್ಲಿಯೇ ಇದೆ ಎಂದು ತಿಳಿಯಬೇಡಿರಿ. ಕ್ರೈಸ್ತರ ಚರಿತ್ರೆಯಲ್ಲಿ ಇದರ ದೊಡ್ಡ ಪಾಠವೊಂದುಂಟು. ಜನರ ಆತ್ಮದ ಹೊಣೆಯಿರುವ ಸ್ಥಾನಗಳನ್ನು ಒಬ್ಬನೇ ಗುರು ಎರಡೆರಡು ಹಿಡಿಯಬಾರದೆಂದು ಅವರ ಮಹಾಸಭೆ 1215ರಲ್ಲಿಯೇ ಕಟ್ಟಳೆ ಮಾಡಿತ್ತು. ಕಟ್ಟಳೆಯೇನೋ ಇತ್ತು, ಆದರೆ ಹಣ ಕೊಟ್ಟವರಿಗೆ ಪೋಪರ ಕಡೆಯಿಂದ ವಿನಾಯಿತಿಯೂ ದೊರೆಯುತ್ತಿತ್ತು. ಜರ್ಮನಿಯಲ್ಲಿ ಆಲ್ಬ್ರೆಕ್ಟ್ ಎಂಬ ರಾಜಮನೆತನದ ಯುವಕನೊಬ್ಬನು 1513ರಲ್ಲಿ ಮಾಗ್ಡೆಬರ್ಗಿನ ಆರ್ಚ್‌ಬಿಷಪ್ಪನಾದನು. ಹಾಲ್ಬರ್‌ಸ್ಟಾಟ್ ಎಂಬ ಇನ್ನೊಂದು ಪೀಠದ ಆಡಳಿತವೂ ಅವನಿಗೆ ಬಂತು. ಮರುವರ್ಷವೇ ಮೈಂಟ್ಸಿನ ಆರ್ಚ್‌ಬಿಷಪ್ ಸ್ಥಾನವನ್ನೂ ಪಡೆದನು. ಆಗ ಅವನ ವಯಸ್ಸು 24. ಇಷ್ಟನ್ನು ಒಟ್ಟಿಗೆ ಹಿಡಿಯುವ ಅನುಮತಿಗಾಗಿ ರೋಮಿಗೆ ಕಟ್ಟಬೇಕಾದ ಹಣವನ್ನು ಫುಗ್ಗರ್ ಎಂಬ ಸಾಹುಕಾರರಿಂದ ಸಾಲ ತಂದನು. ಸಾಲ ತೀರಬೇಕಲ್ಲ? ಪಾಪದ ಶಿಕ್ಷೆ ಮನ್ನಾ ಮಾಡುವ ಚೀಟಿಗಳನ್ನು ಬಡವರಿಗೆ ಮಾರಿಸಿದನು. ಬಂದ ಹಣದಲ್ಲಿ ಅರ್ಧ ಸಾಲಕ್ಕೆ, ಅರ್ಧ ರೋಮಿನ ದೇವಾಲಯದ ಕಟ್ಟಡಕ್ಕೆ. ಆ ಮಾರಾಟವನ್ನು ಕಂಡು ಸಿಡಿದೆದ್ದ ಮಾರ್ಟಿನ್ ಲೂಥರ್ 1517ರಲ್ಲಿ ತನ್ನ 95 ಆಕ್ಷೇಪಗಳನ್ನು ಬರೆದು ಇದೇ ಆಲ್ಬ್ರೆಕ್ಟನಿಗೆ ಕಳುಹಿಸಿದನು. ಅಲ್ಲಿಂದ ಆ ಧರ್ಮ ಎರಡು ಹೋಳಾಯಿತು. 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆ ಹಳೆಯ ಕಟ್ಟಳೆಯನ್ನು ಮತ್ತೆ ಬಿಗಿ ಮಾಡಿತು. ಅಷ್ಟರಲ್ಲಿ ಒಡೆದ ಮನೆ ಒಡೆದಾಗಿತ್ತು. ಅವರನ್ನು ಹಳಿಯಲು ನಾವು ಇದನ್ನು ಹೇಳಲಿಲ್ಲ. ಪರರ ಮನೆಗೆ ಬೆಂಕಿ ಬಿದ್ದ ಕಥೆ ಕೇಳಿ ನಮ್ಮ ಒಲೆಯನ್ನು ನೋಡಿಕೊಳ್ಳಬೇಕಲ್ಲವೇ?

ಹಾಗೆಯೇ ಒಳ್ಳೆಯ ನಡೆಯ ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ. ನಾಗನೂರಿನ ರುದ್ರಾಕ್ಷಿ ಮಠ ನಮ್ಮ ಬೈಲಹೊಂಗಲ ಸೀಮೆಯದೇ. ಅದರ ಶಿವಬಸವ ಸ್ವಾಮಿಗಳು 1932ರಲ್ಲಿ ಬೆಳಗಾವಿಯಲ್ಲಿ ಉಚಿತ ಪ್ರಸಾದ ನಿಲಯವನ್ನು ತೆರೆದು, ಹಳ್ಳಿಯ ಬಡ ಮಕ್ಕಳು ಅನ್ನಕ್ಕೆ ಚಿಂತೆಯಿಲ್ಲದೆ ಓದುವಂತೆ ಮಾಡಿದರು. ಮುಂದೆ ಆ ಮಠದ ಹೊಣೆ ಹೊತ್ತ ಸಿದ್ಧರಾಮ ಸ್ವಾಮಿಗಳಿಗೆ, 2018ರ ಅಕ್ಟೋಬರಿನಲ್ಲಿ ಗದಗಿನ ಸಿದ್ಧಲಿಂಗ ಮಹಾಸ್ವಾಮಿಗಳು ಲಿಂಗೈಕ್ಯರಾದ ಬಳಿಕ, ತೋಂಟದಾರ್ಯ ಪೀಠದ ಕರೆ ಬಂತು. ದೊಡ್ಡ ಪೀಠ, ದೊಡ್ಡ ಕರೆ. ಅವರು ಗದಗಿಗೆ ನಡೆದರು. ಬೆಳಗಾವಿಯ ಮಠ ಅನಾಥವಾಗಲಿಲ್ಲ. ಅದರ ಹೊಣೆ ಅಲ್ಲಮಪ್ರಭು ಸ್ವಾಮಿಗಳ ಕಡೆಗೆ ಬಂತು. ಒಂದು ಗದ್ದುಗೆಗೆ ಹೋಗುವವರು ಇನ್ನೊಂದನ್ನು ಮತ್ತೊಬ್ಬರ ಕೈಗೆ ಒಪ್ಪಿಸಿದರೆ ಎರಡೂ ಊರುಗಳಲ್ಲಿ ದೀಪ ಉರಿಯುತ್ತದೆ.

ಹಾನಗಲ್ಲ ಕುಮಾರಸ್ವಾಮಿಗಳನ್ನು ನೆನೆಯದೆ ಈ ವಿಷಯ ಪೂರ್ಣವಾಗದು. 1867ರಲ್ಲಿ ಹುಟ್ಟಿ 1930ರಲ್ಲಿ ಲಿಂಗೈಕ್ಯರಾದ ಈ ಮಹಾತ್ಮರಿಗೆ ಹಾನಗಲ್ಲಿನ ವಿರಕ್ತಮಠವೊಂದೇ ಮಠ. ನಾಡೆಲ್ಲ ಸುತ್ತಿದರು, 1904ರಲ್ಲಿ ಮಹಾಸಭೆಯನ್ನು ಕಟ್ಟಿದರು. ಊರೂರಿಗೆ ಬರಿದಾದ ಗದ್ದುಗೆಗಳನ್ನು, ಓದು ಬಾರದ ಅಯ್ಯನವರನ್ನು ಕಂಡರು. ಅಂಥ ಹೆಸರಿದ್ದವರು ಮನಸ್ಸು ಮಾಡಿದ್ದರೆ ಹತ್ತು ಮಠಗಳು ಅವರ ಕಾಲಿಗೆ ಬೀಳುತ್ತಿದ್ದವು. ಅವರು ಮಾಡಿದ್ದೇನು? 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅಲ್ಲಿ ವಟುಗಳಿಗೆ ಶಾಸ್ತ್ರ, ಯೋಗ, ಸಂಗೀತಗಳ ಶಿಕ್ಷಣವಾಗಿ, ಅವರು ನಾಡಿನ ಮಠಗಳಿಗೆ ಹೋಗಿ ಕುಳಿತರು. ಬರಿದಾದ ಗದ್ದುಗೆಗೆ ತಕ್ಕ ಉತ್ತರ ಹೊಸದೊಬ್ಬ ಮರಿಯನ್ನು ಬೆಳೆಸುವುದು. ಇದ್ದ ಸ್ವಾಮಿಗೆ ಇನ್ನೊಂದು ಗದ್ದುಗೆ ಹೊರಿಸುವುದಲ್ಲ. ಇಂದಿನ ನಮ್ಮ ಮಾತಿನ ತಿರುಳು ಇಷ್ಟೇ.

ಮಲಪ್ರಭೆಯ ಹೆಸರು ಬಂತು. ಈ ತಾಯಿ ಕಣಕುಂಬಿಯಲ್ಲಿ ಹುಟ್ಟಿ, ನಮ್ಮ ಸೀಮೆಯ ಎರೆಯ ನಡುವೆ ಹರಿದು, ಮುನವಳ್ಳಿಯನ್ನು ದಾಟಿ, ರಾಮದುರ್ಗವನ್ನು ತೊಳೆದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಸವದತ್ತಿಯ ನವಿಲುತೀರ್ಥದಲ್ಲಿ ಅವಳಿಗೆ ಅಣೆಕಟ್ಟು ಹಾಕಿ ಎಡದಂಡೆಗೊಂದು, ಬಲದಂಡೆಗೊಂದು ಕಾಲುವೆ ತೆಗೆದರು. ಹುಬ್ಬಳ್ಳಿ-ಧಾರವಾಡದ ಜನರೂ ಅದೇ ನೀರು ಕುಡಿಯುತ್ತಾರೆ. ಅಷ್ಟು ದೊಡ್ಡ ಕೆರೆಯಾದರೂ ಒಂದು ಲೆಕ್ಕ ತಪ್ಪುವುದಿಲ್ಲ: ಎಡಕ್ಕೆ ಬಿಟ್ಟ ನೀರು ಬಲಕ್ಕೆ ಇಲ್ಲ. ಮಳೆ ಕಡಿಮೆಯಾದ ವರ್ಷ ಕಾಲುವೆಯ ತುದಿಯ ರೈತನಿಗೆ ಇದು ಚೆನ್ನಾಗಿ ಗೊತ್ತು. ಅಣೆಕಟ್ಟಿನ ನೀರಿಗೇ ಈ ಮಿತಿಯಿರುವಾಗ ಒಬ್ಬ ಸ್ವಾಮಿಗಳ ದಿನಕ್ಕೆ ಎಷ್ಟು ಮಿತಿ? ಕಿತ್ತೂರಿನ ಕಡೆಯಿಂದ ರಾಮದುರ್ಗದ ಕಡೆಗೆ ಹೋಗಿ ಪೂಜೆ ಮುಗಿಸಿ ಬರುವುದರಲ್ಲಿ ಒಂದು ದಿನ ಕಳೆಯಿತು. ಆ ದಿನ ಇಲ್ಲಿ ಯಾರ ಮನೆಯಲ್ಲಿ ಸಾವಾಯಿತೋ, ಯಾರ ಮಗ ಸಾಲದ ಚಿಂತೆಯಲ್ಲಿ ಮಠದ ಬಾಗಿಲಿಗೆ ಬಂದು ಬೀಗ ನೋಡಿ ಹಿಂದಿರುಗಿದನೋ, ಆ ಲೆಕ್ಕವನ್ನು ಯಾರು ಇಟ್ಟಾರು?

2019ರ ಆಗಸ್ಟಿನಲ್ಲಿ ಇದೇ ಮಲಪ್ರಭೆ ಉಕ್ಕಿ ಬಂದದ್ದನ್ನು ರಾಮದುರ್ಗ ಸೀಮೆಯ ಹೊಳೆದಂಡೆಯವರು ಮರೆತಿಲ್ಲ. ನೀರು ಮನೆಗೆ ನುಗ್ಗಿದಾಗ ಜನ ಕೈಗೆ ಸಿಕ್ಕದ್ದನ್ನು ಹಿಡಿದು, ಕೂಸುಗಳನ್ನು ಎತ್ತಿಕೊಂಡು ಎತ್ತರದ ಕಟ್ಟಡಗಳಿಗೆ ಓಡುತ್ತಾರೆ. ಅಂಥ ಹೊತ್ತಿನಲ್ಲಿ ಮಠದ ಬೀಗದ ಕೈ ಯಾವ ತಾಲ್ಲೂಕಿನಲ್ಲಿದೆ ಎಂದು ಹುಡುಕುವ ಊರು ಒಂದು. ಸ್ವಾಮಿಗಳೇ ಕಂದೀಲು ಹಿಡಿದು ಬಾಗಿಲಲ್ಲಿ ನಿಂತಿರುವ ಊರು ಇನ್ನೊಂದು. ಮಠವಿದ್ದೂ ಇಲ್ಲದಂತಾಗುವುದು ಎಂದರೆ ಏನೆಂಬುದು ಅಂಥ ರಾತ್ರಿ ತಿಳಿಯುತ್ತದೆ.

ಇನ್ನು ನಮ್ಮ ಮುಂದಿರುವ ಸಂಗತಿಯನ್ನೇ ಹೇಳುತ್ತೇವೆ. ಹೊಳೆದಂಡೆಯ ಅಂಥದೇ ಒಂದು ಊರಿನ ದೈವದವರು ಇಲ್ಲಿಗೆ ಬಂದಿದ್ದಾರೆ. ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಅವರ ಮಠದ ಹಿರಿಯರು ಲಿಂಗೈಕ್ಯರಾಗಿ ಗದ್ದುಗೆ ಬರಿದಾಗಿದೆ. ನಮ್ಮ ಮಠದ ಹೆಸರಿನ ಜೊತೆಗೆ ತಮ್ಮ ಊರಿನ ಹೆಸರನ್ನೂ ಕೂಡಿಸಿಕೊಂಡು, ಪಲ್ಲಕ್ಕಿಯಲ್ಲಿ ಬಂದು ಪಟ್ಟ ಕಟ್ಟಿಸಿಕೊಳ್ಳಬೇಕೆಂದು ಅವರ ಬಿನ್ನಹ. ಅವರ ಭಕ್ತಿ ದೊಡ್ಡದು. ಅವರ ಕಣ್ಣಲ್ಲಿ ನೀರನ್ನು ನಾವು ಕಂಡಿದ್ದೇವೆ. ಆದರೂ ಪಟ್ಟಕ್ಕೆ ಒಪ್ಪಲಾರೆವು. ಉಸ್ತುವಾರಿಗೆ ಒಪ್ಪುತ್ತೇವೆ, ಅದೂ ಮೂರು ವರ್ಷದ ಮಟ್ಟಿಗೆ. ಅದಕ್ಕೆ ನಮ್ಮ ಕರಾರುಗಳುಂಟು. ಎರಡೂ ಊರಿನವರು ಕೇಳಿಸಿಕೊಳ್ಳಿರಿ.

ಪಲ್ಲಕ್ಕಿ ಬೇಡ, ಕಿರೀಟ ಬೇಡ, ಫಲಕದ ಮೇಲೆ ನಮ್ಮ ಹೆಸರು ಬೇಡ. ಆ ಮಠದ ಭಂಡಾರ ಬೇರೆ, ಈ ಮಠದ ಭಂಡಾರ ಬೇರೆ. ಅಲ್ಲಿ ಬಂದ ಪಾದಗಾಣಿಕೆ ಅಲ್ಲಿಯ ಪುಸ್ತಕದಲ್ಲಿಯೇ ಬರೆದಿಡಬೇಕು. ವರ್ಷಕ್ಕೊಮ್ಮೆ ಜಾತ್ರೆಯ ದಿನ ಕರ್ತೃಗದ್ದುಗೆಯ ಮುಂದೆ ಊರಿಗೆಲ್ಲ ಕೇಳುವಂತೆ ಅದನ್ನು ಓದಬೇಕು. ಬೀಗದ ಕೈ ಅಲ್ಲಿಯ ಹಿರಿಯರೊಬ್ಬರ ಮನೆಯಲ್ಲಿರಬೇಕು, ನಮ್ಮ ಜೋಳಿಗೆಯಲ್ಲಲ್ಲ. ವಾರಕ್ಕೆ ಎರಡು ದಿನ ನಾವು ಅಲ್ಲಿರುತ್ತೇವೆ. ಮೂರು ವರ್ಷದೊಳಗೆ ಆ ಊರಿನವರು, ನಮ್ಮನ್ನೂ ಕೂಡಿಸಿಕೊಂಡು, ಒಬ್ಬ ಮರಿಯನ್ನು ಆರಿಸಬೇಕು. ಅವನು ದೊಡ್ಡ ಮನೆತನದವನೇ ಆಗಬೇಕೆಂಬ ಹಟ ಬೇಡ. ತಂದೆತಾಯಿ ಒಪ್ಪಿದರೆ ಸಾಲದು; ತಿಳಿವಳಿಕೆಯ ವಯಸ್ಸಿಗೆ ಬಂದು, ತಾನೇ ಒಪ್ಪಿ ಬಂದವನಾಗಿರಬೇಕು. ಅವನನ್ನು ಓದಿಸುವ ವೆಚ್ಚ ಎರಡೂ ಮಠಗಳದು. ಅವನು ಸಿದ್ಧನಾದ ದಿನ ನಾವು ನಮಸ್ಕರಿಸಿ ಹಿಂದಿರುಗುತ್ತೇವೆ. ಯಾರೂ ಸಿಕ್ಕದಿದ್ದರೆ ಆ ಕಟ್ಟಡವನ್ನು ಮಕ್ಕಳ ಪ್ರಸಾದ ನಿಲಯ ಮಾಡಿರಿ. ಊರ ಹಿರಿಯರೇ ದಾಸೋಹ ನಡೆಸಲಿ. ಹೆಸರಿಗೊಬ್ಬ ಸ್ವಾಮಿಗಿಂತ ಉರಿಯುವ ಒಲೆ ಮೇಲು.

ಇನ್ನು ನಮ್ಮ ಮಠದ ಭಕ್ತರಿಗೆ ಒಂದು ಮಾತು. ವಾರದ ಎರಡು ದಿನ ಆ ಊರಿಗೆ ಕೊಡುತ್ತೇವೆಂದೆವು. ಆ ದಿನಗಳು ನಮ್ಮವಲ್ಲ, ನಿಮ್ಮವು. ಈ ಗದ್ದುಗೆಯ ಮೇಲೆ ಕುಳಿತಂದೇ ಅವನ್ನು ನಿಮಗೆ ಒಪ್ಪಿಸಿದ್ದೇವೆ. ನಿಮ್ಮನ್ನು ಕೇಳದೆ ಕೊಡುವ ಅಧಿಕಾರ ನಮಗಿಲ್ಲ. ಉಡುಪಿಯ ಶೀರೂರು ಮಠದ ಮೊಕದ್ದಮೆಯಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು ಮಠಾಧಿಪತಿಯ ಸ್ಥಾನದಲ್ಲಿ ಹಕ್ಕೂ ಕರ್ತವ್ಯವೂ ಬೇರ್ಪಡಿಸಲಾಗದಂತೆ ಕೂಡಿಕೊಂಡಿವೆ ಎಂದು ಎತ್ತಿ ಹೇಳಿತು. ಕೋರ್ಟು ಹೇಳಿದ್ದು ಕಾನೂನಿನ ಮಾತು. ನಮ್ಮ ಧರ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕರ್ತವ್ಯವನ್ನೇ ಮುಂದಿಡುತ್ತದೆ. ಆದುದರಿಂದ ಪ್ರಸಾದದ ಬಳಿಕ ಕುಳಿತು ವಿಚಾರ ಮಾಡಿರಿ. ಬೇಡವೆನಿಸಿದರೆ ಬೇಡವೆನ್ನಿರಿ, ನಮಗೆ ಸಿಟ್ಟು ಬಾರದು. ಒಪ್ಪುವುದಾದರೆ ಆ ಎರಡು ದಿನ ಇಲ್ಲಿಯ ದಾಸೋಹದ ಒಲೆ ಆರದಂತೆ ನೋಡಿಕೊಳ್ಳುವ ಪಾಳಿಯನ್ನು ನೀವೇ ಹಚ್ಚಿಕೊಳ್ಳಿರಿ.

ಕಡೆಗೆ ಎಲ್ಲ ಭಕ್ತರಿಗೂ ಹೇಳುವುದಿಷ್ಟು. ಸ್ವಾಮಿಗಳಿಗೆ ಎಷ್ಟು ಮಠ, ಎಷ್ಟು ಕಾಲೇಜು, ಎಷ್ಟು ಗಾಡಿ ಎಂದು ಎಣಿಸಿ ಹಿಗ್ಗುವವರು ನೀವೇ. ಊರಲ್ಲಿ ಸ್ವಾಮಿಗಳೇ ಸಿಗುವುದಿಲ್ಲವೆಂದು ಗೊಣಗುವವರೂ ನೀವೇ. ದೊಡ್ಡ ಹೆಸರಿನ ಸ್ವಾಮಿಗಳು ನಮ್ಮ ಊರಿಗೂ ಇರಲಿ ಎಂಬ ಆಸೆಯನ್ನು ಬಿಡಿರಿ. ಹೆಸರಿಲ್ಲದಿದ್ದರೂ ಸರಿ, ಊರಲ್ಲಿಯೇ ಇರುವವನನ್ನು, ನಿಮ್ಮ ಮಕ್ಕಳ ಹೆಸರು ಬಲ್ಲವನನ್ನು ಬಯಸಿರಿ. ಅವನು ತರುಣನಾಗಿದ್ದು ತಡವರಿಸಿದರೆ ತಾಳಿಕೊಳ್ಳಿರಿ. ಅವನ ಜೋಳಿಗೆಗೆ ಒಂದು ಹಿಡಿ ಜೋಳ ಹೆಚ್ಚು ಹಾಕಿರಿ. ಗದ್ದುಗೆಯ ಮೇಲೆ ಕುಳಿತವರಿಗೂ, ನಮ್ಮನ್ನೂ ಹಿಡಿದು, ಇದೇ ಮಾತು: ಎಷ್ಟು ಹಿಡಿದೆವು ಎಂಬುದನ್ನು ಯಾರೂ ಕೇಳುವುದಿಲ್ಲ, ಯಾರಿಗೆ ಒಪ್ಪಿಸಿ ಹೋದೆವು ಎಂಬುದನ್ನು ಮುಂದಿನವರು ಕೇಳಿಯೇ ಕೇಳುತ್ತಾರೆ.

ಬಸವಾದಿ ಶರಣರ ಕರುಣೆ ನಿಮ್ಮೆಲ್ಲರ ಮೇಲೆ ಇರಲಿ. ಹೊಲದಲ್ಲಿ ಬೆಳೆ, ಮನೆಯಲ್ಲಿ ಒಗ್ಗಟ್ಟು, ಮಠದಲ್ಲಿ ದಾಸೋಹ ತಪ್ಪದಿರಲಿ ಎಂದು ಹಾರೈಸಿ ನಮ್ಮ ಮಾತಿಗೆ ಮಂಗಳ ಹೇಳುತ್ತೇವೆ.

ಶರಣು ಶರಣಾರ್ಥಿ.